ಮಳವಳ್ಳಿಗೆ ಬಂದ ರೈಲು

(ಸಂಸ್ಥೆಯ ವಾರ್ಷಿಕೋತ್ಸವದಲ್ಲಿ ಮಾಡಿದ ಭಾಷಣದ ಬರಹ ರೂಪ)



ಉರ್ದು ಮತ್ತು ಕನ್ನಡ ಕಲಿಸುವ ಟೀಚರ್ ಭಾಷಣಕ್ಕೆ ನಿಂತರೆ ಗಜಲ್ ಬಗ್ಗೆಯೋ ವಚನದ ಬಗ್ಗೆಯೋ ಮಾತಾಡುತ್ತಾಳೆ ಎಂದು ತಾವು ತಿಳಿದಿರಬಹುದು. ನಾನು ಇಂದು ಮಾತಾಡುವುದು ಮನೆಯೊಳಗೆ ಓಡುವ ಪುಟ್ಟ ರೈಲಿನ ಬಗ್ಗೆ. ಅದನ್ನು ಕಟ್ಟುವುದು ಹೇಗೆ, ಅದು ನಿಂತುಹೋದಾಗ ದೋಷವನ್ನು ಹುಡುಕುವುದು ಹೇಗೆ ಎಂಬುದರ ಬಗ್ಗೆ. ಇದರಲ್ಲಿ ಓದುವ ಮಕ್ಕಳಿಗೂ ಓದಿಸುವ ನಮಗೂ ಒಂದು ಪಾಠವಿದೆ ಎಂಬುದು ನನ್ನ ಅನಿಸಿಕೆ.

ನಮ್ಮ ಮನೆ ಮಳವಳ್ಳಿ. ಮಳವಳ್ಳಿಗೆ ರೈಲಿಲ್ಲ. 1880ರ ದಶಕದ ಆರಂಭದಲ್ಲಿ ಬೆಂಗಳೂರಿನಿಂದ ಮೈಸೂರಿಗೆ ಮೀಟರ್ ಗೇಜ್ ಹಳಿ ಹಾಕಿದಾಗ ಅದು ಮದ್ದೂರು, ಮಂಡ್ಯದ ಮೇಲೆ ಹಾದುಹೋಯಿತು. ಆ ಹಳಿ ಮುಂದೆ ಬ್ರಾಡ್ ಗೇಜ್ ಆಯಿತು, ಜೋಡಿ ಮಾರ್ಗವಾಯಿತು, ವಿದ್ಯುತ್ ಬಂತು. 2022ರ ನವೆಂಬರಿನಿಂದ ವಂದೇ ಭಾರತ್ ಕೂಡ ಅದರ ಮೇಲೆ ಓಡುತ್ತಿದೆ. ಮಳವಳ್ಳಿಯ ಮಕ್ಕಳು ರೈಲು ನೋಡಬೇಕಾದರೆ ಇಂದಿಗೂ ಮದ್ದೂರಿನ ಬಸ್ಸು ಹತ್ತಬೇಕು. ನಾನು ಚಿಕ್ಕವಳಿದ್ದಾಗ ನಮ್ಮ ಅಬ್ಬಾ ಮದ್ದೂರಿನ ನಾನಿ ಮನೆಗೆ ಕರೆದುಕೊಂಡು ಹೋದಾಗಲೆಲ್ಲ ತಪ್ಪದೆ ಸ್ಟೇಷನ್ನಿಗೂ ಕರೆದೊಯ್ಯುತ್ತಿದ್ದರು. ಒಂದು ಕೈಯಲ್ಲಿ ಮದ್ದೂರು ವಡೆ, ಇನ್ನೊಂದು ಕೈಯಲ್ಲಿ ಅಬ್ಬಾನ ಬೆರಳು. ಶಿಂಷಾ ಸೇತುವೆ ದಾಟುವ ರೈಲಿನ ಸದ್ದು ಕಿವಿಯಲ್ಲಿ ಹಾಗೆಯೇ ಉಳಿದಿದೆ.

ನನ್ನ ಮಗ ಆರನೇ ತರಗತಿಯಲ್ಲಿದ್ದಾಗ ಬೆಂಗಳೂರಿನಲ್ಲಿರುವ ಅವನ ಮಾಮು ಯಾರೋ ಬಳಸಿ ಬಿಟ್ಟ ರೈಲು ಸೆಟ್ಟೊಂದನ್ನು ತಂದುಕೊಟ್ಟ. ಒಂದು ಎಂಜಿನ್ನು, ಎರಡು ಡಬ್ಬಿ, ಹದಿನಾರು ತುಂಡು ಹಳಿ. ನಮ್ಮ ಕಥೆ ಅಲ್ಲಿಂದ ಆರಂಭವಾಯಿತು.

ಮೊದಲು ಲೆಕ್ಕ

ವಿದ್ಯಾರ್ಥಿಗಳೇ, ಕಟ್ಟುವ ಮೊದಲು ಲೆಕ್ಕ ಹಾಕಿ. ಪ್ರಪಂಚದಲ್ಲಿ ಹೆಚ್ಚು ಬಳಕೆಯಲ್ಲಿರುವ ಮಾದರಿ ರೈಲಿನ ಅಳತೆಗೆ 'ಎಚ್‌ಓ' ಎನ್ನುತ್ತಾರೆ. ನಿಜವಾದ ರೈಲಿನ 87ನೇ ಒಂದು ಭಾಗ ಎಂದು ಅದರ ಅರ್ಥ. ನೀಲಿ ಬಣ್ಣದ ಹಳೆಯ ಮಾದರಿಯ ಪ್ರಯಾಣಿಕರ ಡಬ್ಬಿಯ ಉದ್ದ ಸುಮಾರು 21.3 ಮೀಟರು. 87ರಿಂದ ಭಾಗಿಸಿದರೆ ಇಪ್ಪತ್ತನಾಲ್ಕೂವರೆ ಸೆಂಟಿಮೀಟರು, ಅಂದರೆ ನಿಮ್ಮ ಸ್ಕೇಲಿಗಿಂತ ಸ್ವಲ್ಪ ಚಿಕ್ಕದು. ಮದ್ದೂರಿನಿಂದ ಮಂಡ್ಯಕ್ಕೆ ರೈಲಿನಲ್ಲಿ ಸುಮಾರು 19 ಕಿಲೋಮೀಟರು. ಅದನ್ನೂ 87ರಿಂದ ಭಾಗಿಸಿ. ಸುಮಾರು 218 ಮೀಟರು ಬರುತ್ತದೆ. ನಮ್ಮ ಬೀದಿಯೇ ಅಷ್ಟು ಉದ್ದವಿಲ್ಲ!

ಆದುದರಿಂದ ಎಲ್ಲವನ್ನೂ ಅಳತೆಯಂತೆ ಕಟ್ಟಲು ಆಗುವುದಿಲ್ಲ. ಯಾವುದನ್ನು ಬಿಡಬೇಕು, ಯಾವುದನ್ನು ಇಟ್ಟುಕೊಳ್ಳಬೇಕು ಎಂದು ತೀರ್ಮಾನಿಸಬೇಕು. ನಾವು ಮದ್ದೂರು ಸ್ಟೇಷನ್ನು, ಶಿಂಷಾ ಸೇತುವೆ, ಮಂಡ್ಯದ ಕಬ್ಬಿನ ಗದ್ದೆ ಈ ಮೂರನ್ನು ಇಟ್ಟುಕೊಂಡೆವು. ಹನಕೆರೆ ಸ್ಟೇಷನ್ನನ್ನು ಬಿಟ್ಟೆವು, ಅಲ್ಲಿಯವರು ಕ್ಷಮಿಸಬೇಕು. ಹಳಿಯ ಅಗಲದಲ್ಲೂ ಒಂದು ರಾಜಿ ಇದೆ. ಸೆಟ್ಟಿನ ಹಳಿಗಳ ನಡುವಿನ ಅಂತರ 16.5 ಮಿಲಿಮೀಟರು. ಇದು ಯುರೋಪ್, ಅಮೆರಿಕಗಳ 1435 ಮಿಲಿಮೀಟರ್ ಹಳಿಗೆ ಸರಿಹೊಂದುವ ಅಳತೆ. ನಮ್ಮ ಬ್ರಾಡ್ ಗೇಜ್ 1676 ಮಿಲಿಮೀಟರು. ಲೆಕ್ಕದ ಪ್ರಕಾರ ನಮ್ಮದು 19 ಮಿಲಿಮೀಟರಿಗೂ ಹೆಚ್ಚಿರಬೇಕಿತ್ತು.

ಕಟ್ಟಿದ ಬಗೆ

ಆರು ಅಡಿ ಉದ್ದ, ನಾಲ್ಕು ಅಡಿ ಅಗಲದ ಪ್ಲೈವುಡ್ ಹಾಳೆ, ಅದರ ಕೆಳಗೆ ಮರದ ರೀಪರಿನ ಚೌಕಟ್ಟು. ಚೌಕಟ್ಟಿಲ್ಲದೆ ಬರೀ ಹಾಳೆ ಇಟ್ಟರೆ ಅದು ಬಾಗುತ್ತದೆ, ಹಲಗೆ ಬಾಗಿದರೆ ಹಳಿಯೂ ಬಾಗುತ್ತದೆ. ಮಳೆಗಾಲದ ತೇವ ಹಿಡಿಯದಂತೆ ಎರಡೂ ಬದಿಗೆ ಪ್ರೈಮರ್ ಹಚ್ಚಿದೆವು. ಕಬ್ಬಿನ ಗದ್ದೆಗೆ ಪೊರಕೆ ಕಡ್ಡಿ ಮತ್ತು ಹಸಿರು ಕಾಗದ, ಭತ್ತದ ಪೈರಿಗೆ ಹಳೆಯ ತೆಂಗಿನ ನಾರಿನ ಕಾಲೊರಸು, ಸೇತುವೆಗೆ ಐಸ್‌ಕ್ರೀಮ್ ಕಡ್ಡಿ, ಗುಡ್ಡಕ್ಕೆ ಥರ್ಮೊಕೋಲ್. ಹಳಿಯ ನಡುವಿನ ಜಲ್ಲಿಗೆ ಜರಡಿ ಹಿಡಿದ ಮರಳು. ಮರಳನ್ನು ಅಂಟಿಸಲು ಫೆವಿಕಾಲ್ ಅನ್ನು ನೀರಿನಲ್ಲಿ ಕದಡಿ ಒಂದು ತೊಟ್ಟು ಪಾತ್ರೆ ತೊಳೆಯುವ ಸೋಪಿನ ದ್ರವ ಬೆರೆಸಬೇಕು. ಸೋಪು ಇಲ್ಲದಿದ್ದರೆ ನೀರು ಮರಳಿನ ಮೇಲೆ ಮಣಿಯಾಗಿ ನಿಲ್ಲುತ್ತದೆ, ಒಳಗೆ ಇಳಿಯುವುದಿಲ್ಲ. ಆದರೆ ಹಳಿ ಪೂರ್ತಿ ಸರಿಯಾಗಿ ಓಡಿಸುವ ತನಕ ಏನನ್ನೂ ಅಂಟಿಸಬೇಡಿ. ಇದು ನಮ್ಮ ಅನುಭವದ ಮಾತು.

ಇನ್ನು ಕರೆಂಟು. ಈ ರೈಲಿನ ಎಂಜಿನ್ನು ಹಳಿಯಿಂದಲೇ ಕರೆಂಟು ಪಡೆಯುತ್ತದೆ. ಒಂದು ಹಳಿ ಪ್ಲಸ್, ಇನ್ನೊಂದು ಹಳಿ ಮೈನಸ್. ಒಂದು ಕಡೆಯ ಚಕ್ರದಿಂದ ಒಳಗೆ ಬಂದ ಕರೆಂಟು ಮೋಟಾರನ್ನು ತಿರುಗಿಸಿ ಇನ್ನೊಂದು ಕಡೆಯ ಚಕ್ರದಿಂದ ಹೊರಗೆ ಹೋಗುತ್ತದೆ. ಪ್ಲಸ್ ಮೈನಸ್ ಅದಲುಬದಲು ಮಾಡಿದರೆ ರೈಲು ಹಿಂದಕ್ಕೆ ಓಡುತ್ತದೆ. ಹಳಿಗೆ ಕೊಡುವುದು ಹೆಚ್ಚೆಂದರೆ 12 ವೋಲ್ಟ್ ಡಿ.ಸಿ. ಮಾತ್ರ. ಮಕ್ಕಳೇ, ಇದನ್ನು ಮರೆಯಬೇಡಿ: ಗೋಡೆಯ ಪ್ಲಗ್ಗಿನ 230 ವೋಲ್ಟನ್ನು ಯಾವ ಕಾರಣಕ್ಕೂ ಹಳಿಗೆ ಕೊಡಬಾರದು, ಅಡಾಪ್ಟರನ್ನು ಬಿಚ್ಚಬಾರದು. ಹಿರಿಯರು ಹತ್ತಿರವಿರುವಾಗ ಮಾತ್ರ ಪ್ಲಗ್ ಹಾಕಿ.

ಗುಂಡುಸೂಜಿ

ಒಂದು ವಾರ ರೈಲು ಚೆನ್ನಾಗಿಯೇ ಓಡಿತು. ಒಂದು ಸಂಜೆ ನಾನು ಶಾಲೆಯಿಂದ ಬಂದು ಸ್ವಿಚ್ ಹಾಕಿದರೆ ಎಂಜಿನ್ನು ಅಲುಗಲಿಲ್ಲ. ಅಡಾಪ್ಟರಿನ ದೀಪ ಆರಿಹೋಯಿತು. "ಏನಾಯಿತು?" ಎಂದೆ. ಮಗ ಕೊಟ್ಟ ಮೊದಲ ಉತ್ತರ, "ನಾನು ಮುಟ್ಟಿಲ್ಲ ಅಮ್ಮಿ."

ನಾನು ಅಡಾಪ್ಟರನ್ನೇ ಸಂಶಯಿಸಿದೆ. ಬೇರೆ ಅಡಾಪ್ಟರ್ ತಂದೆ. ಅದರ ದೀಪವೂ ಆರಿತು. ಎಂಜಿನ್ನು ಕೆಟ್ಟಿದೆ ಎಂದುಕೊಂಡೆ. ಎಂಜಿನ್ನು ತೆಗೆದು ಬರೀ ಹಳಿಗೆ ಕರೆಂಟು ಕೊಟ್ಟರೂ ದೀಪ ಆರುತ್ತಿತ್ತು. ಅಂದರೆ ಪ್ಲಸ್ ಹಳಿಯೂ ಮೈನಸ್ ಹಳಿಯೂ ಎಲ್ಲೋ ಒಂದಕ್ಕೊಂದು ತಾಗಿವೆ, ಶಾರ್ಟ್ ಸರ್ಕ್ಯೂಟ್ ಆಗಿದೆ. ಎಲ್ಲಿ? ಮೂರು ದಿನ ಕಣ್ಣಲ್ಲಿ ಕಣ್ಣಿಟ್ಟು ನೋಡಿದರೂ ಸಿಗಲಿಲ್ಲ. ಮಗನನ್ನು ಇನ್ನೂ ಎರಡು ಸಲ ಕೇಳಿದೆ, ದನಿ ಏರಿಸಿಯೇ ಕೇಳಿದೆ. ಅದೇ ಉತ್ತರ.

ಕೊನೆಗೆ ನಮ್ಮ ಬೀದಿಯಲ್ಲಿ ಮಿಕ್ಸಿ, ಫ್ಯಾನು ರಿಪೇರಿ ಮಾಡುವ ಚಾಚಾ ಒಬ್ಬರನ್ನು ಕೇಳಿದೆ. ಅವರು ಮಲ್ಟಿಮೀಟರ್ ಕೈಗೆ ಕೊಟ್ಟು ಹೇಳಿದರು: "ಎಲ್ಲ ಕಡೆ ಹುಡುಕಬೇಡಮ್ಮ. ಅರ್ಧ ಮಾಡು. ಯಾವ ಅರ್ಧದಲ್ಲಿ ಕೂಗುತ್ತೆ ನೋಡು. ಅದನ್ನ ಮತ್ತೆ ಅರ್ಧ ಮಾಡು."

ಪ್ಲಗ್ ತೆಗೆದು, ಹದಿನಾರು ತುಂಡುಗಳ ಸುತ್ತನ್ನು ಎಂಟು ಎಂಟಾಗಿ ಬಿಡಿಸಿದೆವು. ಮೀಟರಿನ ಎರಡು ಕಡ್ಡಿಗಳನ್ನು ಎರಡು ಹಳಿಗೆ ಮುಟ್ಟಿಸಿದರೆ, ತಾಗಿಕೊಂಡಿದ್ದಲ್ಲಿ ಅದು ಬೀಪ್ ಎನ್ನುತ್ತದೆ. ಒಂದು ಅರ್ಧ ಸುಮ್ಮನಿತ್ತು, ಇನ್ನೊಂದು ಕೂಗಿತು. ಎಂಟನ್ನು ನಾಲ್ಕು ಮಾಡಿದೆವು, ನಾಲ್ಕನ್ನು ಎರಡು, ಎರಡನ್ನು ಒಂದು. ನಾಲ್ಕೇ ಪರೀಕ್ಷೆಯಲ್ಲಿ ಹದಿನಾರರಲ್ಲಿ ಒಂದು ತುಂಡು ಸಿಕ್ಕಿತು. ಶಿಂಷಾ ಸೇತುವೆಯ ಪಕ್ಕದ ತುಂಡು. ಅದರ ಮೇಲಿನ ಮರಳನ್ನು ಊದಿದರೆ ಕೆಳಗೆ ಒಂದು ಗುಂಡುಸೂಜಿ, ಎರಡೂ ಹಳಿಗೆ ಅಡ್ಡವಾಗಿ ತಾಗಿಕೊಂಡು ಮಲಗಿತ್ತು.

ಮಗ ಅಳತೊಡಗಿದ. ಆ ಜಾಗದಲ್ಲಿ ಹಳಿ ಅಲ್ಲಾಡುತ್ತಿತ್ತಂತೆ. ತಾನೇ ಸರಿಮಾಡೋಣ ಎಂದು ಗುಂಡುಸೂಜಿ ಚುಚ್ಚಿದ್ದನಂತೆ. ರೈಲು ನಿಂತಾಗ ಹೆದರಿ ಅದರ ಮೇಲೆ ಮರಳು ಸುರಿದಿದ್ದ. ಅವನು ಮಾಡಿದ್ದು ರಿಪೇರಿಯೇ! ಅದನ್ನು ಮುಚ್ಚಿಟ್ಟದ್ದು ನನ್ನ ದನಿಗೆ ಹೆದರಿ. ಇದೇ ಹುಡುಗ ಯೂನಿಟ್ ಟೆಸ್ಟಿನ ಉತ್ತರ ಪತ್ರಿಕೆಯನ್ನೂ ಬ್ಯಾಗಿನ ತಳದಲ್ಲಿ ಮಡಚಿ ಇಡುತ್ತಿದ್ದ. ಅದೂ ಇಂಥದೇ ಮರಳು ಎಂದು ನನಗೆ ಅಂದು ಹೊಳೆಯಿತು.

ಬೈದರೆ ತಪ್ಪು ಹೋಗುವುದಿಲ್ಲ. ಅದು ಮರಳಿನ ಕೆಳಗೆ ಹೋಗುತ್ತದೆ, ಅಷ್ಟೆ. ಕಣ್ಣಿಗೆ ಕಾಣುವ ತಪ್ಪನ್ನು ಐದು ನಿಮಿಷದಲ್ಲಿ ಸರಿಮಾಡಬಹುದು, ಮುಚ್ಚಿಟ್ಟ ತಪ್ಪಿಗೆ ಮೂರು ದಿನ ಬೇಕು.

ದೋಷದ ಪುಸ್ತಕ

ಅಂದಿನಿಂದ ರೈಲಿನ ಪಕ್ಕ ಒಂದು ನೋಟ್ ಪುಸ್ತಕ ಇಟ್ಟೆವು. ಮೂರು ಕಲಮು: ಕಂಡದ್ದೇನು, ಸಂಶಯ ಏನು, ಸಿಕ್ಕಿದ್ದೇನು. ಯಾರು ಮಾಡಿದ್ದು ಎಂಬ ಕಲಮು ಇಲ್ಲ. ನಿಯಮ ಒಂದೇ, ಒಂದು ಸಲಕ್ಕೆ ಒಂದನ್ನೇ ಬದಲಿಸಬೇಕು. ಒಟ್ಟಿಗೆ ಮೂರನ್ನು ಬದಲಿಸಿ ರೈಲು ಓಡಿದರೆ ಯಾವುದರಿಂದ ಓಡಿತು ಎಂದು ತಿಳಿಯುವುದಿಲ್ಲ. ಆ ಪುಸ್ತಕದಿಂದ ಕೆಲವನ್ನು ನಿಮಗೆ ಹೇಳುತ್ತೇನೆ.

ಕಂಡದ್ದು: ಪ್ಲಗ್ಗಿನ ಹತ್ತಿರ ರೈಲು ಜೋರಾಗಿ ಓಡುತ್ತದೆ, ಎದುರು ಬದಿಗೆ ಹೋದಾಗ ತೆವಳುತ್ತದೆ. ಸಂಶಯ: ಎಂಜಿನ್ನು ದುರ್ಬಲ. ಸಿಕ್ಕಿದ್ದು: ರೈಲು ಓಡುವಾಗಲೇ ಅಳೆದರೆ ಈಚೆ ಬದಿಯಲ್ಲಿ 11.6 ವೋಲ್ಟ್, ಆಚೆ ಬದಿಯಲ್ಲಿ 9 ವೋಲ್ಟ್. ಹಳಿಯ ತುಂಡುಗಳನ್ನು ಜೋಡಿಸುವ ತಗಡಿನ ಜಾಯಿನರುಗಳು ಸಡಿಲವಾಗಿದ್ದವು, ಪ್ರತಿ ಜಾಯಿನರಿನಲ್ಲೂ ಸ್ವಲ್ಪ ಸ್ವಲ್ಪ ವೋಲ್ಟೇಜ್ ಸೋರುತ್ತಿತ್ತು. ಇದನ್ನು ತಿಳಿಯಲು ನಮ್ಮ ತಾಲ್ಲೂಕಿನಲ್ಲೇ ದೊಡ್ಡ ಉದಾಹರಣೆ ಇದೆ. 1902ರಲ್ಲಿ ಶಿವನಸಮುದ್ರದ ವಿದ್ಯುತ್ತನ್ನು ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗೆ ಕೊಂಡೊಯ್ದರು. ದೂರ ಹೋದಷ್ಟೂ ತಂತಿಯಲ್ಲಿ ನಷ್ಟವಾಗುತ್ತದೆ. ಆದುದರಿಂದ ವೋಲ್ಟೇಜನ್ನು ಬಹಳ ಏರಿಸಿ, ಹರಿಯುವ ಕರೆಂಟನ್ನು ಕಡಿಮೆ ಮಾಡಿ ಕಳುಹಿಸಿದರು. ನಾವು ಹಳಿಯ ವೋಲ್ಟೇಜನ್ನು ಏರಿಸುವಂತಿಲ್ಲ. ಅದಕ್ಕೆ ಹಲಗೆಯ ಕೆಳಗೆ ಎರಡು ದಪ್ಪ ತಾಮ್ರದ ತಂತಿ ಎಳೆದು, ನಾಲ್ಕು ಕಡೆ ಅದರಿಂದ ಹಳಿಗೆ ಸಣ್ಣ ತಂತಿ ಬೆಸೆದೆವು. ಈಗ ಸುತ್ತಲೂ ಒಂದೇ ವೇಗ.

ಕಂಡದ್ದು: ಕೆಲವು ಜಾಗಗಳಲ್ಲಿ ಎಂಜಿನ್ನು ಮುಗ್ಗರಿಸುತ್ತದೆ, ಬೆರಳಿನಿಂದ ನೂಕಿದರೆ ಮುಂದೆ ಹೋಗುತ್ತದೆ. ಸಿಕ್ಕಿದ್ದು: ಹಳಿಯ ಮೇಲೆ ಕಪ್ಪು ಕೊಳೆ. ಮೆಡಿಕಲ್ ಸ್ಟೋರಿನಲ್ಲಿ ಸಿಗುವ ಸರ್ಜಿಕಲ್ ಸ್ಪಿರಿಟ್ಟನ್ನು ಬಟ್ಟೆಗೆ ಹಾಕಿ, ಪ್ಲಗ್ ತೆಗೆದು ಒರೆಸಬೇಕು. ಒಲೆಯ ಹತ್ತಿರ ಬೇಡ, ಸ್ಪಿರಿಟ್ಟಿಗೆ ಬೆಂಕಿ ತಗಲುತ್ತದೆ. ಚಕ್ರವನ್ನೂ ಒರೆಸಲು ಮರೆಯಬೇಡಿ, ಇಲ್ಲದಿದ್ದರೆ ಒಂದೇ ಸುತ್ತಿನಲ್ಲಿ ಚಕ್ರದ ಕೊಳೆ ಹಳಿಗೆ ಬರುತ್ತದೆ. ಉಪ್ಪುಕಾಗದದಿಂದ ಉಜ್ಜಬೇಡಿ. ಹಳಿ ಹೊಳೆಯುತ್ತದೆ ನಿಜ, ಆದರೆ ಗೀರು ಬಿದ್ದು ಮುಂದೆ ಇನ್ನೂ ಬೇಗ ಕೊಳೆ ಕೂರುತ್ತದೆ.

ಕಂಡದ್ದು: ಹಿಂದಿನ ಡಬ್ಬಿ ತಿರುವಿನಲ್ಲಿ ಹಳಿ ತಪ್ಪುತ್ತದೆ. ಸಿಕ್ಕಿದ್ದು: ಎರಡು ಕಾರಣ. ಒಂದು, ಜೋಡಣೆಯಲ್ಲಿ ಒಂದು ಹಳಿ ಇನ್ನೊಂದಕ್ಕಿಂತ ಕೂದಲೆಳೆಯಷ್ಟು ಎತ್ತರವಿತ್ತು. ಕಣ್ಣಿಗೆ ಕಾಣಲಿಲ್ಲ, ಉಗುರು ಎಳೆದಾಗ ಟಕ್ ಎಂದಿತು. ಇನ್ನೊಂದು, ಡಬ್ಬಿ ತೀರ ಹಗುರ. ಒಳಗೆ ಎರಡು ನಾಣ್ಯ ಅಂಟಿಸಿದ ಮೇಲೆ ತಪ್ಪಲಿಲ್ಲ. ಹಳಿ ತಪ್ಪಿದ್ದಕ್ಕೆ ಹುಡುಗ ಜೋರಾಗಿ ಓಡಿಸಿದ್ದೇ ಕಾರಣ ಎಂದು ನಾನು ಮೊದಲು ಬರೆದಿದ್ದೆ. ಅದನ್ನು ನನ್ನ ಕೈಯಾರೆ ಹೊಡೆದುಹಾಕಿದೆ.

ಕೆಂಪು ಪೆನ್ಸಿಲು, ನೀಲಿ ಪೆನ್ಸಿಲು

ಕೆಲವು ತಿಂಗಳ ನಂತರ ಮಗನಿಗೆ ಒಂದು ಆಸೆ ಹುಟ್ಟಿತು. ಮಂಡ್ಯಕ್ಕೆ ಹೋದ ರೈಲು ತಾನಾಗಿಯೇ ತಿರುಗಿ ಮದ್ದೂರಿಗೆ ಬರಬೇಕು ಎಂದು. ಎರಡು ಪಾಯಿಂಟು ಕೊಂಡು, ಸುತ್ತಿನ ಒಂದು ಬದಿಯಿಂದ ಎದುರು ಬದಿಗೆ ನಡುವೆ ಅಡ್ಡವಾಗಿ ಒಂದು ಹಳಿ ಹಾಕಿದ. ಅಡ್ಡಹಳಿ ಸೇರಿದ ಕ್ಷಣವೇ ಅಡಾಪ್ಟರಿನ ದೀಪ ಆರಿತು.

ಈ ಸಲ ಅವನು ಓಡಿಬಂದು ಹೇಳಿದ್ದು ಹೀಗೆ: "ಅಮ್ಮಿ, ನಾನು ಅಡ್ಡಹಳಿ ಹಾಕಿದೆ, ಆಗಲೇ ಶಾರ್ಟ್ ಆಯಿತು. ಅಲ್ಲೇ ನೋಡೋಣ ಬನ್ನಿ." ಅಂದು ನನಗಾದ ಸಂತೋಷ ರೈಲು ಓಡಿದಾಗಲೂ ಆಗಿರಲಿಲ್ಲ.

ಆದರೆ ಈ ಬಾರಿ ಗುಂಡುಸೂಜಿ ಇರಲಿಲ್ಲ. ಎಲ್ಲ ಜೋಡಣೆಯೂ ಸರಿಯಿತ್ತು. ಇದನ್ನು ಬಿಡಿಸಿದವಳು ನನ್ನ ಒಂಬತ್ತನೇ ತರಗತಿಯ ಒಬ್ಬ ವಿದ್ಯಾರ್ಥಿನಿ. ಪ್ರಬಂಧದ ಪುಸ್ತಕ ಕೊಡಲು ಮನೆಗೆ ಬಂದವಳು ಹಳಿಯನ್ನು ನೋಡುತ್ತ ನಿಂತಳು. ಕಾಗದದ ಮೇಲೆ ಸುತ್ತನ್ನು ಬರೆದು, ಹೊರಗಿನ ಹಳಿಗೆ ಕೆಂಪು ಪೆನ್ಸಿಲು, ಒಳಗಿನ ಹಳಿಗೆ ನೀಲಿ ಪೆನ್ಸಿಲು ಹಿಡಿದು, ರೈಲು ಹೋಗುವ ದಾರಿಯಲ್ಲೇ ಬಣ್ಣ ಹಚ್ಚುತ್ತ ಹೋದಳು. ಅಡ್ಡಹಳಿಯ ಆಚೆ ತುದಿಗೆ ಬಂದಾಗ ಪೆನ್ಸಿಲು ನಿಂತಿತು. "ಟೀಚರ್, ಇಲ್ಲಿ ಕೆಂಪು ಹೋಗಿ ನೀಲಿಗೆ ಸೇರುತ್ತಿದೆ!" ಎಂದಳು. ತಿರುಗಿ ಬರುವ ರೈಲಿನ ಎಡಗಡೆಯ ಹಳಿ ಈಗ ಸುತ್ತಿನ ಒಳಹಳಿಯಾಗಿತ್ತು. ಹಳಿ ಹಾಕಿದ್ದರಲ್ಲಿ ತಪ್ಪಿರಲಿಲ್ಲ, ಹಾಕಿದ ನಕ್ಷೆಯೇ ಹಾಗಿತ್ತು.

ನಾನು ಭಾಷೆಯ ಟೀಚರ್ ಆದುದರಿಂದ ನನಗೆ ಇದು ಬೇಗ ಅರ್ಥವಾಯಿತು. ಎರಡು ಭಾಷೆಯ ಸಂಚಿಕೆಗಳನ್ನು ತಾವು ನೋಡಿದ್ದೀರಿ. ಕನ್ನಡ ಎಡದಿಂದ ಬಲಕ್ಕೆ, ಉರ್ದು ಬಲದಿಂದ ಎಡಕ್ಕೆ. ಕನ್ನಡ ಈ ರಟ್ಟಿನಿಂದ ಆರಂಭವಾಗುತ್ತದೆ, ಉರ್ದು ಆ ರಟ್ಟಿನಿಂದ. ಎರಡೂ ಪುಸ್ತಕದ ಮಧ್ಯದಲ್ಲಿ ಸೇರುತ್ತವೆ. ಒಂದೇ ಸಾಲಿನಲ್ಲಿ ಎದುರುಬದುರು ಬರೆದರೆ ಡಿಕ್ಕಿಯಾಗುತ್ತದೆ. ಅದಕ್ಕೆ ಮಧ್ಯದಲ್ಲಿ ಒಂದು ಖಾಲಿ ಹಾಳೆ ಬಿಡುತ್ತಾರೆ.

ನಮ್ಮ ಹಳಿಗೂ ಬೇಕಾಗಿದ್ದದ್ದು ಆ ಖಾಲಿ ಹಾಳೆಯೇ. ಅಡ್ಡಹಳಿಯ ಎರಡೂ ತುದಿಗಳಲ್ಲಿ, ಎರಡೂ ಹಳಿಗೆ, ತಗಡಿನ ಜಾಯಿನರ್ ತೆಗೆದು ಪ್ಲಾಸ್ಟಿಕ್ ಜಾಯಿನರ್ ಹಾಕಿದೆವು. ಆ ಭಾಗ ಬೇರೆಯಾಯಿತು. ಅದಕ್ಕೊಂದು, ಸುತ್ತಿಗೊಂದು ಎಂದು ಪ್ಲಸ್ ಮೈನಸ್ ಬದಲಿಸುವ ಎರಡು ಸ್ವಿಚ್ ಇಟ್ಟೆವು. ರೈಲು ಪೂರ್ತಿಯಾಗಿ ಅಡ್ಡಹಳಿಯೊಳಗೆ ಬಂದ ಮೇಲೆ ಅದನ್ನು ನಿಲ್ಲಿಸಿ, ಸುತ್ತಿನ ಸ್ವಿಚ್ಚನ್ನು ಮಾತ್ರ ತಿರುಗಿಸಿ, ಮತ್ತೆ ಓಡಿಸಿದರೆ ಅದು ಸಲೀಸಾಗಿ ಹೊರಗೆ ಹೋಗುತ್ತದೆ. ಅಡ್ಡಹಳಿ ಮಾತ್ರ ರೈಲಿಗಿಂತ ಉದ್ದವಾಗಿರಬೇಕು.

ವಿದ್ಯಾರ್ಥಿಗಳೇ, ಇದನ್ನು ಬರೀ ಆಟ ಎಂದು ತಿಳಿಯಬೇಡಿ. ಅಮೆರಿಕದ ಎಂ.ಐ.ಟಿ. ಎಂಬ ತಾಂತ್ರಿಕ ವಿದ್ಯಾಸಂಸ್ಥೆಯಲ್ಲಿ 1946ರಲ್ಲಿ ವಿದ್ಯಾರ್ಥಿಗಳು ಮಾದರಿ ರೈಲಿನ ಕ್ಲಬ್ಬೊಂದನ್ನು ಕಟ್ಟಿದರು. ಕೆಲವರು ಮೇಜಿನ ಮೇಲೆ ಊರು, ಗುಡ್ಡ ಮಾಡುತ್ತಿದ್ದರು. ಇನ್ನು ಕೆಲವರು ಮೇಜಿನ ಕೆಳಗೆ ತಂತಿ, ಸ್ವಿಚ್ಚುಗಳಲ್ಲಿ ಮುಳುಗಿರುತ್ತಿದ್ದರು. ಮೇಜಿನ ಕೆಳಗಿನವರೇ ಮುಂದೆ ಕಂಪ್ಯೂಟರ್ ಕಡೆಗೆ ಹೋದರು. 1962ರಲ್ಲಿ ಬಂದ 'ಸ್ಪೇಸ್‌ವಾರ್' ಎಂಬ ಆರಂಭದ ಕಂಪ್ಯೂಟರ್ ಆಟವನ್ನು ಬರೆದವರಲ್ಲಿ ಆ ಕ್ಲಬ್ಬಿನವರಿದ್ದರು. 'ಹ್ಯಾಕರ್' ಎಂಬ ಪದಕ್ಕೆ ಇಂದಿನ ಅರ್ಥ ಬರುವುದರಲ್ಲೂ ಅವರ ಪಾತ್ರವಿದೆ.

ದೊಡ್ಡ ರೈಲಿಗೂ ಇಂಥ ತೊಡಕು ತಪ್ಪಿದ್ದಲ್ಲ. ಜೋಡಿ ಮಾರ್ಗ ಹಾಕುವಾಗ ಶ್ರೀರಂಗಪಟ್ಟಣದಲ್ಲಿ ಟಿಪ್ಪು ಸುಲ್ತಾನರ ಕಾಲದ ಶಸ್ತ್ರಾಗಾರ ಅಡ್ಡ ಬಂತು. ಅದನ್ನು ಕೆಡವಲಿಲ್ಲ. 2017ರಲ್ಲಿ ಇಡೀ ಕಟ್ಟಡವನ್ನು ಬುಡಸಮೇತ ಎತ್ತಿ ಪಕ್ಕದ ಜಾಗಕ್ಕೆ ಸರಿಸಿದರು. ಅಡ್ಡ ಬಂದದ್ದನ್ನೆಲ್ಲ ಎಸೆಯಬೇಕಾಗಿಲ್ಲ, ಎಲ್ಲಿ ಅಡ್ಡ ಬಂತು ಎಂದು ಸರಿಯಾಗಿ ಅಳೆದರೆ ದಾರಿ ಸಿಗುತ್ತದೆ. ಮೈಸೂರಿನಲ್ಲಿ 1979ರಿಂದ ರೈಲ್ವೆ ಮ್ಯೂಸಿಯಂ ಇದೆ. ಪುಣೆಯಲ್ಲಿ 1998ರಲ್ಲಿ ಆರಂಭವಾದ ಜೋಶಿಯವರ ಪುಟ್ಟ ರೈಲುಗಳ ಮ್ಯೂಸಿಯಂ ಇದೆ. ಶಾಲಾ ಪ್ರವಾಸದಲ್ಲಿ ಮೈಸೂರಿನದ್ದನ್ನಾದರೂ ತಪ್ಪದೆ ನೋಡಿ.

ಶಾಲೆಯಲ್ಲಿ

ಕೊನೆಯದಾಗಿ ಶಿಕ್ಷಕ ಬಂಧುಗಳಿಗೆ, ಹೆತ್ತವರಿಗೆ ಒಂದು ಮಾತು. ನಾನು ಬಿ.ಎಡ್. ಓದುವಾಗ ಪರೀಕ್ಷೆಗೂ ದೋಷ ನಿದಾನಕ್ಕೂ ವ್ಯತ್ಯಾಸವೇನು ಎಂದು ಬರೆದು ಒಳ್ಳೆಯ ಅಂಕ ಪಡೆದಿದ್ದೆ. ಅದರ ಅರ್ಥ ತಿಳಿದದ್ದು ಗುಂಡುಸೂಜಿ ಸಿಕ್ಕ ದಿನ. ಅದಕ್ಕೂ ಮುಂಚೆ ನಾನು ಕನ್ನಡ ಪ್ರಬಂಧಕ್ಕೆ ಹತ್ತಕ್ಕೆ ಮೂರು ಅಂಕ ಕೊಟ್ಟು, ಕೆಳಗೆ ಕೆಂಪು ಶಾಯಿಯಲ್ಲಿ 'ಸಾಲದು' ಎಂದು ಬರೆಯುತ್ತಿದ್ದೆ. ಅಡಾಪ್ಟರಿನ ದೀಪ ಆರಿತು ಎಂದು ಹೇಳಿದಂತಾಯಿತು, ಅಷ್ಟೆ. ಎಲ್ಲಿ ತಾಗಿದೆ ಎಂದು ಹೇಳಲಿಲ್ಲ.

ಈಗ ನಾನು ಅರ್ಧ ಮಾಡಿ ನೋಡುತ್ತೇನೆ. ವಿಷಯ ಗೊತ್ತಿಲ್ಲವೋ, ಬರೆಯಲು ಬರುವುದಿಲ್ಲವೋ? ಬಾಯಲ್ಲಿ ಹೇಳಿಸಿದರೆ ಗೊತ್ತಾಗುತ್ತದೆ. ಬರೆಯಲು ಬಾರದಿದ್ದರೆ ಅಕ್ಷರದಲ್ಲೋ, ವಾಕ್ಯದಲ್ಲೋ? ಅಕ್ಷರದಲ್ಲಾದರೆ ಒತ್ತಕ್ಷರವೋ, ದೀರ್ಘವೋ? ಮನೆಯಲ್ಲಿ ಉರ್ದು ಮಾತಾಡುವ ಒಬ್ಬ ಹುಡುಗನಿಗೆ ಮೂರು ಅಂಕ ಬಂದದ್ದಕ್ಕೆ ಕಾರಣ ಅಲ್ಪಪ್ರಾಣ ಮಹಾಪ್ರಾಣವೂ ಅಲ್ಲ, ದಡ್ಡತನವೂ ಅಲ್ಲ. ಅವನಿಗೆ ಒತ್ತಕ್ಷರ ಮಾತ್ರ ಬರುತ್ತಿರಲಿಲ್ಲ. ಎರಡು ವಾರ ಅದೊಂದನ್ನೇ ಹಿಡಿದು ಕಲಿಸಿದ ಮೇಲೆ ಅವನ ಪ್ರಬಂಧ ಓಡಿತು. ತರಗತಿಯಲ್ಲೂ ಒಂದು ದೋಷದ ಪುಸ್ತಕ ಇಟ್ಟಿದ್ದೇನೆ. ಮೊದಲ ಪುಟದಲ್ಲಿ ನನ್ನ ತಪ್ಪನ್ನೇ ಬರೆದಿದ್ದೇನೆ.

ನನ್ನ ಮಗ ಈಗ ಎಂಟನೇ ತರಗತಿ. ಲೆಕ್ಕದಲ್ಲಿ ಅವನಿಗೆ ಇನ್ನೂ ಹೇಳಿಕೊಳ್ಳುವಂಥ ಅಂಕ ಬರುವುದಿಲ್ಲ. ಆದರೆ ಉತ್ತರ ಪತ್ರಿಕೆ ಬ್ಯಾಗಿನ ತಳದಲ್ಲಿ ಇರುವುದಿಲ್ಲ. ಊಟದ ಹೊತ್ತಿಗೆ ತಂದು ಮುಂದೆ ಇಟ್ಟು, "ಇಲ್ಲಿ ನಿಂತುಹೋಯಿತು ಅಮ್ಮಿ" ಎಂದು ಬೆರಳಿಟ್ಟು ತೋರಿಸುತ್ತಾನೆ. ನಾವಿಬ್ಬರೂ ಅಲ್ಲಿಂದ ಆರಂಭಿಸುತ್ತೇವೆ.